ಕೊಟ್ರಪ್ಪ ಆಡದ ಮಾತು

1978, ಅಕ್ಟೋಬರ್ 2, ಸೋಮವಾರ. ಬೆಳಿಗ್ಗೆ 9

ಸೈಕಲ್ ಕ್ಲಬ್ಬಿಗೆ ಸೇರಿದ ದಿನ ಸೆಕ್ರೆಟರಿ ಕೊಡುತ್ತೇನೆಂದದ್ದು: ರೇಸಿಂಗ್ ಸೈಕಲ್. ಶೂಸ್. ವರ್ಷಕ್ಕೆ ನಾಲ್ಕು ಟೈರು. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ಒಂದು ಶಿಫಾರಸು ಕಾಗದ. ಬೋರ್ಡಿನಲ್ಲಿ ಹೆಸರು.

ಎರಡು ವರ್ಷದಲ್ಲಿ ಕೊಟ್ಟದ್ದು: ಒಂದು ಬನಿಯನ್. ಅದೂ ಯಾರೋ ಹಾಕಿ ಬಿಟ್ಟದ್ದು.

ಸೈಕಲ್ ಇಲ್ಲ. ಶೂಸ್ ಇಲ್ಲ. ಕಾಗದ ಕೇಳಿದರೆ "ಬರೀತೀನಿ ಇರಯ್ಯ". ಬೋರ್ಡಿನಲ್ಲಿ ನನ್ನ ಹೆಸರಿರಬೇಕಾದ ಕಡೆ "ಮತ್ತು ಇತರರು". ಕ್ಲಬ್ಬಿನ ಮಡಕೆಯಿಂದ ನೀರು ನಾನೇ ಮೊಗೆದುಕೊಳ್ಳುವಂತಿಲ್ಲ. ವಾಚ್‌ಮನ್ ಎತ್ತರದಿಂದ ಹೊಯ್ಯಬೇಕು, ನಾನು ಬೊಗಸೆ ಒಡ್ಡಬೇಕು. ಇದನ್ನು ಯಾರೂ ಪ್ರಾಮಿಸ್ ಮಾಡಿರಲಿಲ್ಲ. ಇದೊಂದು ಮಾತ್ರ ತಪ್ಪದೆ ಸಿಗುತ್ತಿದೆ.

ಇವತ್ತು ಗಾಂಧಿ ಜಯಂತಿ, ನಾನು ಕೆಲಸ ಮಾಡುವ ಪ್ರೆಸ್ಸಿಗೆ ರಜ. ಬೆಳಗಿನ ಜಾವ ಸಾರಕ್ಕಿ ಬಿಟ್ಟು ಹಾರೋಹಳ್ಳಿ ಮುಟ್ಟಿ ವಾಪಸ್. ನನ್ನದು ಹಾಲಿನವನೊಬ್ಬ ಮಾರಿದ ಸೈಕಲ್. ಮಡ್‌ಗಾರ್ಡು, ಕ್ಯಾರಿಯರ್, ಚೈನ್ ಕವರ್ ಬಿಚ್ಚಿ ಹ್ಯಾಂಡಲ್ ತಲೆಕೆಳಗು ಮಾಡಿದ್ದೇನೆ. ರೇಸಿಂಗ್ ಸೈಕಲ್ ಅಂದರೆ ನನಗೆ ಅದೇ. ತಾಳಘಟ್ಟಪುರದ ಹತ್ತಿರ ಒಂದು ಮುದುಕಿ ಹಾಲು ಎಷ್ಟು ಅಂತ ಕೇಳಿದಳು.

ಅಕ್ಟೋಬರ್ 15, ಭಾನುವಾರ

ಕೊಟ್ರಪ್ಪನ ಜೊತೆ ಕನಕಪುರ, ವಾಪಸ್. ಅವನು ಕೊಟ್ಟೂರು ಕಡೆಯವನು, ಲಿಂಗಾಯತ. ಬನಶಂಕರಿಯಲ್ಲಿ ಒಂದು ರೂಮು, ಒಂದು ಕಾರ್ಖಾನೆಯಲ್ಲಿ ಟೆಂಪರರಿ ಕೆಲಸ. ಕ್ಲಬ್ಬಿನ ರೇಸಿಂಗ್ ಸೈಕಲ್ ಅವನ ಕೈಲಿದೆ. ಕ್ಲಬ್ಬಿನ ಎಲ್ಲರಿಗಿಂತ ಚೆನ್ನಾಗಿ ತುಳಿಯುತ್ತಾನೆ. ನನ್ನನ್ನು ಬಿಟ್ಟು. ಇದನ್ನು ಅವನೇ ಹೇಳಿದ್ದು.

ಎದುರು ಗಾಳಿ. ಸರದಿಯ ಮೇಲೆ ಹೋದೆವು. ಮುಂದಿರುವವನು ಗಾಳಿ ಸೀಳಬೇಕು, ಹಿಂದಿರುವವನು ಅವನ ಚಕ್ರಕ್ಕೆ ಅಂಟಿಕೊಂಡು ಉಸಿರು ಉಳಿಸಿಕೊಳ್ಳಬೇಕು. ಒಂದು ಮೈಲಿ ಅವನು, ಒಂದು ಮೈಲಿ ನಾನು.

"ಏನಲೇ ಪಿಳ್ಳ, ಮದುವಿ ಮೆರವಣಿಗಿಗೆ ಹೊಂಟೀಯೇನು? ತುಳಿ!"

"ನಿನ್ ಥರ ಬಿಟ್ಟಿ ಸೈಕಲ್ ಇದ್ದಿದ್ರೆ ಕನಕಪುರದಲ್ಲಿ ತಿಂಡಿ ಮುಗ್ಸಿ ಇಷ್ಟೊತ್ಗೆ ಮನೇಲಿ ಮಲಗಿರ್ತಿದ್ದೆ ಮಗಾ."

ನನ್ನ ಬಾಟಲಿ ಕಿತ್ತುಕೊಂಡು ಬಾಯಿಟ್ಟು ಕುಡಿದ. ಒರೆಸಲೂ ಇಲ್ಲ. ಅರ್ಧ ಖಾಲಿ ಮಾಡಿ ವಾಪಸ್ ಎಸೆದ.

ಬರುವಾಗ ಅವನ ರೂಮಿಗೆ ಹೋದೆ. ಊರಿನಿಂದ ತಾಯಿ ಬಂದಿದ್ದರು, ಶಿವಬಸಮ್ಮ. ಯಾರ ಪೈಕಿ ಅಂದರು. ಹೇಳಿದೆ. ಅವನಿಗೆ ಸ್ಟೀಲ್ ಲೋಟದಲ್ಲಿ ಕಾಫಿ. ನನಗೆ ಕಿಟಕಿ ಕಟ್ಟೆಯ ಮೇಲಿದ್ದ ಗಾಜಿನ ಲೋಟದಲ್ಲಿ. ಕುಡಿದಾದ ಮೇಲೆ "ನಲ್ಲಿ ಅಲ್ಲೈತಿ ನೋಡಪ್ಪ" ಅಂದರು. ತೊಳೆದು ಕಟ್ಟೆಯ ಮೇಲೆ ಮಗುಚಿಟ್ಟೆ. ಕೊಟ್ರಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅದರಲ್ಲಿ ಅಂಥದ್ದೇನೂ ಇರಲಿಲ್ಲ.

ರಸ್ತೆಯಲ್ಲಿ ಅವನಿಗೆ ಜಾತಿ ಇಲ್ಲ. ಹೊಸಿಲು ದಾಟಿದರೆ ಇದೆ.

ನವೆಂಬರ್ 8, ಬುಧವಾರ

ಕ್ಲಬ್ಬಿನ ಜಗುಲಿಯಲ್ಲಿ ಮೀಟಿಂಗ್. ಅವರಿಗೆಲ್ಲ ಕುರ್ಚಿ. ನಾನು ಕಂಬಕ್ಕೆ ಒರಗಿ ನಿಂತೆ. ನಿಲ್ಲು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೇ ಇಲ್ಲ.

ಭಾನುವಾರ ರಾಜ್ಯ ತಂಡದ ಸೆಲೆಕ್ಷನ್ ರೇಸು. ಬನಶಂಕರಿ ದೇವಸ್ಥಾನದಿಂದ ಕನಕಪುರ, ಅಲ್ಲಿಂದ ವಾಪಸ್. ಮೊದಲ ಇಬ್ಬರು ರಾಜ್ಯ ತಂಡಕ್ಕೆ. ಕೊಟ್ರಪ್ಪನಿಗೆ ಇದು ಅನ್ನದ ಪ್ರಶ್ನೆ—ಆಯ್ಕೆಯಾದರೆ ಕಾರ್ಖಾನೆಯಲ್ಲಿ ಪರ್ಮನೆಂಟ್ ಮಾಡುತ್ತಾರಂತೆ. ನನಗೂ ಅನ್ನದ ಪ್ರಶ್ನೆಯೇ. ಆದರೆ ನನಗೆ ಯಾರೂ ಏನೂ ಹೇಳಿಲ್ಲ.

ಸೆಕ್ರೆಟರಿ ಶುರು ಮಾಡಿದ: "ಪಿಳ್ಳಣ್ಣ, ಭಾನುವಾರ ನಿನಗೂ ರೇಸಿಂಗ್ ಸೈಕಲ್. ಕ್ಲಬ್ಬಿಂದು ಹಳೇದಿದೆಯಲ್ಲ, ಅದು."

ಖುಷಿಯಾಯಿತು. ಅರ್ಧ ನಿಮಿಷ.

"ಎರಡಕ್ಕೂ ಗಾಲಿ ಒಂದೇ ಅಳತೆ. ಕೊಟ್ರಪ್ಪಂದು ಪಂಕ್ಚರ್ ಆದ್ರೆ ನಿನ್ನ ಗಾಲಿ ಬಿಚ್ಚಿ ಕೊಡ್ಬೇಕು. ನೀನು ರಸ್ತೆ ಪಕ್ಕ ಕೂತಿರು, ಗಾಡಿ ಕಳಿಸ್ತೀವಿ."

"ನನ್ ರೇಸು, ಸಾರ್?"

"ನಿಂದೇನಯ್ಯ ರೇಸು? ನೀನಿರೋದು ಗೆಲ್ಲೋಕಲ್ಲ, ಎಳೆಯೋಕೆ. ನಿಮ್ಮ ಜನಕ್ಕೆ ಎಳೆಯೋದು ರಕ್ತದಲ್ಲೇ ಬಂದಿದೆ. ಎಳಿ."

ನಕ್ಕರು. ಕುರ್ಚಿಗಳೆಲ್ಲ ನಕ್ಕವು. ಕೊಟ್ರಪ್ಪ ನಗಲಿಲ್ಲ. ಮಾತೂ ಆಡಲಿಲ್ಲ. ಉಗುರಿನಿಂದ ಗ್ರೀಸು ಕೆರೆಯುತ್ತ ಕೂತಿದ್ದ.

ಸೈಕಲ್ ಕೊಟ್ಟದ್ದು ನನಗಲ್ಲ. ಅದರ ಗಾಲಿ ಅವನಿಗೆ. ನಾನು ಗಾಲಿ ಹೊರುವ ಸ್ಟ್ಯಾಂಡು.

ಸಂಜೆ ಸಂಘಕ್ಕೆ ಹೋದೆ. ಸಂಜೀವಯ್ಯನವರು ಲೈನ್‌ಮನ್. ಹಗಲು ಕರೆಂಟ್ ಕಂಬ ಹತ್ತುತ್ತಾರೆ, ಸಂಜೆ ನಮ್ಮ ಕಾಲೋನಿಯಲ್ಲಿ ದಲಿತರ ಸಂಘ ನಡೆಸುತ್ತಾರೆ. ಅರ್ಜಿ ಬರೆಯುವುದು, ಮೈಕಿನ ಮುಂದೆ ಕಾಲು ನಡುಗದೆ ನಿಲ್ಲುವುದು, ಎರಡನ್ನೂ ನನಗೆ ಕಲಿಸಿದವರು. ಎಲ್ಲ ಕೇಳಿ ಬೀಡಿ ಆರಿಸಿದರು.

"ಬಿಟ್ಟಿ ಚಾಕರಿ ಕಣಪ್ಪ ಇದು. ಇಂಗ್ಲಿಷ್ನಲ್ಲಿ ಟೀಮ್ ವರ್ಕ್ ಅಂದ್ಬಿಟ್ರೆ ಆಗೋಯ್ತಾ?"

ಅಪ್ಪ ತೋಟಿಯಾಗಿದ್ದ, ಊರಿನ ಬಿಟ್ಟಿ ಆಳು. ಶಾನುಭೋಗರು ಕುದುರೆಯ ಮೇಲೆ ಕಂದಾಯದ ಜಮಾಬಂದಿಗೆ ಹೊರಟರೆ ಮುಂದೆ ಮುಂದೆ ಓಡುತ್ತಿದ್ದ. ತಲೆಯ ಮೇಲೆ ದಫ್ತರ. ಬೇಗೂರಿನವರೆಗೂ ಓಡಿದ್ದಾನೆ. ಕುದುರೆ ನಿಂತಾಗ ಕುದುರೆಗೆ ನೀರು ಮೊದಲು.

ಗಾಲಿ ಕೊಡುವುದಿಲ್ಲ. ತೀರ್ಮಾನ ಮಾಡಿದ್ದೇನೆ.

ನವೆಂಬರ್ 12, ಭಾನುವಾರ. ಸಂಜೆ 6

ಬರೆದುಬಿಡಬೇಕು.

ಕನಕಪುರದಲ್ಲಿ ತಿರುಗುವಾಗ ಮುಂದೆ ಐದೇ ಜನ. ಅದರಲ್ಲಿ ಇಬ್ಬರು ನಾವು. ಹಾರೋಹಳ್ಳಿ ದಾಟುವವರೆಗೂ ಕೊಟ್ರಪ್ಪನೇ ಮುಂದಿದ್ದು ಗಾಳಿ ತಿಂದ. ನನ್ನ ಸರದಿ ಬಂದರೂ ಕೈಯಲ್ಲೇ ಸನ್ನೆ—ಇರು, ಇನ್ನೂ ಸ್ವಲ್ಪ ಉಳಿಸ್ಕೋ. ಇದನ್ನು ಯಾವ ಸೆಕ್ರೆಟರಿಯೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಕಗ್ಗಲೀಪುರದ ಹತ್ತಿರ ಅವನ ಮುಂದಿನ ಟೈರು ಉಸ್ಸೆಂದಿತು. ಹಾರಿ ಇಳಿದ. ಕೈ ಎತ್ತಿದ.

"ಪಿಳ್ಳ! ಗಾಲಿ! ಗಾಲಿ ಕೊಡಲೇ!"

ಯಾವಾಗಲೂ ಅವನು ನನಗೆ "ಲೇ" ಅನ್ನುವವನೇ. ನಾನು ಅವನಿಗೆ "ಮಗಾ" ಅನ್ನುವವನು. ಇವತ್ತು ಆ ಕೂಗಿನ ಹಿಂದೆ ಕುರ್ಚಿಗಳು ನಕ್ಕಂತಾಯಿತು. ಕೈ ಒಂದು ಸಲ ಬ್ರೇಕಿಗೆ ಹೋಯಿತು. ಹಿಡಿಯಲಿಲ್ಲ. ತುಳಿದೆ. ತಿರುಗಿ ನೋಡಲಿಲ್ಲ.

ನಾಲ್ಕನೆಯವನಾದೆ. ಗಾಳಿ ಸೀಳಿ ಕೊಡುವವನು ಹಿಂದೆ ಉಳಿದ ಮೇಲೆ ನನ್ನ ಕಾಲು ಎಷ್ಟೆಂದು ತುಳಿದೀತು. ಕ್ಲಬ್ಬಿನಿಂದ ಯಾರೂ ಆಯ್ಕೆಯಾಗಲಿಲ್ಲ. ಸೆಕ್ರೆಟರಿ ನನ್ನ ಮುಖ ನೋಡದೆ ಕಾರು ಹತ್ತಿದ.

ಅರ್ಧ ಗಂಟೆಯ ಮೇಲೆ ಕೊಟ್ರಪ್ಪ ಕಲ್ಲಿನ ಲಾರಿಯಲ್ಲಿ ಬಂದಿಳಿದ. ಸೈಕಲ್ ಹೆಗಲ ಮೇಲಿತ್ತು. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

"ಗೆದ್ದಿಯೇನಲೇ?"

"ಇಲ್ಲ. ನಾಲ್ಕನೇದು."

"ಥೂ. ಹಂಗ ಬಿಟ್ಟು ಹೋದ ಮ್ಯಾಲ ಗೆಲ್ಲಬೇಕಾಗಿತ್ತು ನೀನು."

ಅಷ್ಟೇ. ಹೋದ.

ಮನೆಯಲ್ಲಿ ಅವ್ವನಿಗೆ ಹೇಳಿದೆ. ಬಿಟ್ಟಿ ಚಾಕರಿ ಮಾಡಲಿಲ್ಲ ಅಂದೆ. ಅಪ್ಪನ ವಿಷಯ ತೆಗೆದೆ. ಅವ್ವ ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ.

"ನಿಮ್ಮಪ್ಪ ಓಡಿದ್ದು ಕುದುರೆ ಮ್ಯಾಲೆ ಕುಂತೋನಿಗೆ. ಈ ಹುಡ್ಗ ನಿನ್ ಜೊತೇಲಿ ಬೆವರು ಸುರಿಸ್ತಾ ಇದ್ನಲ್ಲೋ."

"ಅವ್ರ ಮನೇಲಿ ನಂಗೆ ಬೇರೆ ಲೋಟ ಇಟ್ರು ಅವ್ವ."

"ಹಂಗಾದ್ರೆ ಲೋಟಕ್ಕೆ ಜಗಳ ಆಡ್ಬೇಕಾಗಿತ್ತು. ಆವತ್ತು ತೊಳೆದಿಟ್ಟು ಬಂದೆ, ಇವತ್ತು ಗಾಲಿ ಬಚ್ಚಿಟ್ಕೊಂಡೆ."

ಅವ್ವನಿಗೆ ಸಂಘ ಅರ್ಥವಾಗುವುದಿಲ್ಲ ಅಂದುಕೊಂಡು ಎದ್ದು ಹೋದೆ.

ನವೆಂಬರ್ 17, ಶುಕ್ರವಾರ

ಕರಪತ್ರ ಹಾಕಬೇಕೆಂದು ಸಂಘದ ತೀರ್ಮಾನ. ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲೇ—ಜಯನಗರ ನಾಲ್ಕನೇ ಬ್ಲಾಕು. ಆರು ವರ್ಷದಿಂದ ಅಲ್ಲಿ ಕಂಪೋಸಿಟರ್. ಸೀಸದ ಮೊಳೆ ಒಂದೊಂದೇ ಆರಿಸಿ ಅಕ್ಷರ ಕೂಡಿಸುವುದು ನನ್ನ ಕೆಲಸ.

ಸಂಜೀವಯ್ಯನವರ ಕರಡಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಡಕೆ, ಬೊಗಸೆ, ಬೋರ್ಡು, ಗಾಲಿ. "ನಿಮ್ಮ ಜನಕ್ಕೆ ಎಳೆಯೋದು ರಕ್ತದಲ್ಲೇ ಬಂದಿದೆ" ಎಂಬ ಮಾತು ದಪ್ಪಕ್ಷರದಲ್ಲಿ. ಆಡಿದವನ ಹೆಸರು ಅದಕ್ಕಿಂತ ದಪ್ಪಕ್ಷರದಲ್ಲಿ.

ಯಜಮಾನರು ಪ್ರೂಫ್ ಓದಿ ಕನ್ನಡಕ ತೆಗೆದರು. "ಸೆಕ್ರೆಟರಿ ಹೆಸರು ತೆಗಿ. ಅವರು ನಡೆಸೋ ಸ್ಕೂಲಿನ ಪ್ರಿಂಟಿಂಗ್ ಕೆಲಸವೆಲ್ಲ ನಮಗೇ ಬರೋದು. ಕೆಳಗೆ ಪ್ರೆಸ್ ಹೆಸರು ಹಾಕ್ಲೇಬೇಕು, ಕಾನೂನು. ಲಾಯರ್ ನೋಟೀಸ್ ಬಂದ್ರೆ ನನಗೆ ಬರುತ್ತೆ, ನಿಮ್ಮ ಸಂಘಕ್ಕಲ್ಲ."

ಸಂಜೀವಯ್ಯನವರು ಅಲ್ಲೇ ಇದ್ದರು. "ಹೆಸರಿಲ್ದೆ ಕರಪತ್ರ ಹಾಕಿ ಏನು ಪ್ರಯೋಜನ ಸಾರ್? ಯಾರೋ ಯಾರಿಗೋ ಏನೋ ಅಂದ್ರು ಅಂತನಾ?"

"ಅದು ನಿಮ್ಮ ತಲೆನೋವು."

ಹೊರಗೆ ಬಂದು ನಿಂತೆವು. ನಾನೇ ಹೇಳಿದೆ: "ಕೊಟ್ರಪ್ಪನ ಹೆಸರು ಹಾಕೋಣ."

"ಮಾತು ಅವನು ಆಡಿದ್ದಾ?"

"ಅಲ್ಲೇ ಕೂತಿದ್ದ. ಸುಮ್ಮನಿದ್ದ. ಸುಮ್ಮನಿದ್ದೋನು ಆಡಿದ ಹಾಗೇ ಅಲ್ವಾ ಅಣ್ಣ?"

ಸಂಜೀವಯ್ಯನವರು ರಸ್ತೆ ನೋಡುತ್ತ ನಿಂತರು. ಆಮೇಲೆ—"ನೋಡಿದೋನು ನೀನು. ನಿನಗೆ ಬಿಟ್ಟಿದ್ದು."

ಒಳಗೆ ಹೋದೆ. ಸೆಕ್ರೆಟರಿಯ ಹೆಸರಿನ ಮೊಳೆಗಳನ್ನು ಬಿಚ್ಚಿ ಅದರದರ ಗೂಡಿಗೆ ಹಾಕಿದೆ. ಕೊಟ್ರಪ್ಪನ ಹೆಸರು ಚಿಕ್ಕದು, ಜಾಗ ಉಳಿಯಿತು. ಅದಕ್ಕೆ ಮುಂದೆ "ಮೇಲ್ಜಾತಿಯ ಸವಾರ" ಎಂದು ಸೇರಿಸಿದೆ. ಸಾಲು ಸರಿಯಾಗಿ ಕೂತಿತು.

ನವೆಂಬರ್ 21, ಮಂಗಳವಾರ

ಬೆಳಗಿನ ಶಿಫ್ಟಿಗೆ ಮುಂಚೆ ಕಾರ್ಖಾನೆ ಗೇಟಿನಲ್ಲಿ ಹಂಚಿದೆವು. ಕೊಟ್ರಪ್ಪನ ಕಾರ್ಖಾನೆ. ಜನ ಓದಿದರು. ಯೂನಿಯನ್ನಿನವರು ಬಂದು ನನ್ನ ಕೈ ಕುಲುಕಿದರು. ಒಬ್ಬ ಕೆಂಪು ಟವೆಲ್ ಹೊದಿಸಿದ. ಘೋಷಣೆ. ಗಂಟಲು ಕಟ್ಟಿದೆ.

ಕೊಟ್ರಪ್ಪ ಬಂದ. ಯಾರೋ ಅವನ ಕೈಗೂ ಒಂದು ಕೊಟ್ಟರು. ನಿಂತು ಪೂರ್ತಿ ಓದಿದ. ಮಡಚಿ ಜೇಬಿಗಿಟ್ಟುಕೊಂಡ. ನನ್ನ ಕಡೆ ನೋಡಿದ್ದರೆ—ನೋಡಲಿಲ್ಲ. ಒಳಗೆ ಹೋದ.

ಡಿಸೆಂಬರ್ 30, ಶನಿವಾರ

ಕೊಟ್ರಪ್ಪನಿಗೆ ಟೆಂಪರರಿ ಚೀಟಿಯನ್ನೂ ಮತ್ತೆ ಕೊಡಲಿಲ್ಲವಂತೆ. ಗಲಾಟೆಯ ಮನುಷ್ಯ ಬೇಡ ಎಂದರಂತೆ. ರೂಮು ಖಾಲಿ. ಊರಿಗೆ ಹೋದ ಅನ್ನುತ್ತಾರೆ.

ಸೆಕ್ರೆಟರಿ ಪೇಪರಿನವರನ್ನು ಕರೆದು ಟೀ ಕೊಟ್ಟ. "ಜಾತಿ ಮಾತಾಡಿದ ಸವಾರನನ್ನು ಕ್ಲಬ್ಬಿನಿಂದ ತೆಗೆದಿದ್ದೇವೆ. ನಮ್ಮಲ್ಲಿ ಅಂಥದ್ದಕ್ಕೆ ಜಾಗವಿಲ್ಲ." ಜಗುಲಿಯಲ್ಲಿ ನನಗೆ ಕುರ್ಚಿ. ಕೊಟ್ರಪ್ಪ ತುಳಿಯುತ್ತಿದ್ದ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಫೋಟೋ.

ತೆಗೆದುಕೊಂಡೆ.

ಇಲ್ಲಿ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಫೋಟೋದವನು ನಗಿ ಅಂದ. ನಕ್ಕೆ.

1979, ಜೂನ್ 24

ಜಿಲ್ಲಾ ರೇಸು. ಎರಡನೆಯ ಸ್ಥಾನ. ಕಾಲೋನಿಯಲ್ಲಿ ತಮಟೆ.

ಆಗಸ್ಟ್ 15

ಸಂಘದ ಸಭೆಯಲ್ಲಿ ಮತ್ತೆ ನನ್ನನ್ನು ಎಬ್ಬಿಸಿದರು. ಗಾಲಿಯ ಕಥೆ ಹೇಳು ಎಂದು. ಇದು ಏಳನೆಯ ಸಲವೋ ಎಂಟನೆಯದೋ. ಹೇಳಿದೆ. "ಆ ಮೇಲ್ಜಾತಿಯ ಸವಾರ ಏನಂದ ಗೊತ್ತೇ?" ಎಂದು ನಿಲ್ಲಿಸಿದರೆ ಜನ ಉಸಿರು ಹಿಡಿಯುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ಈಗ ನನಗೆ ಚೆನ್ನಾಗಿ ಗೊತ್ತು. ಗುಡ್ಡದಲ್ಲಿ ಗೇರ್ ಹಾಕುವುದು ಗೊತ್ತಾದ ಹಾಗೆ.

ಇಳಿದು ಬಂದು ನೀರು ಕುಡಿದೆ.

1980, ಫೆಬ್ರವರಿ 10, ಭಾನುವಾರ

ಮತ್ತೆ ಸೆಲೆಕ್ಷನ್ ರೇಸು, ಅದೇ ಕನಕಪುರ ರಸ್ತೆ. ಈ ಸಲ ಕ್ಲಬ್ಬಿನ ಲೀಡರ್ ನಾನು. ನನಗೆ ಗಾಲಿ ಕೊಡಲು ಗುರುಬಸಪ್ಪ ಎಂಬ ಹೊಸಬ. ಹಾರೋಹಳ್ಳಿಯ ಹತ್ತಿರ ನನ್ನ ಹಿಂದಿನ ಟೈರು ಹೋಯಿತು. ಇಳಿಯುವಷ್ಟರಲ್ಲಿ ಅವನಾಗಲೇ ನಟ್ಟು ಬಿಚ್ಚುತ್ತಿದ್ದ.

"ತಗೊಳ್ಳಿ ಅಣ್ಣ, ಹೋಗಿ, ಹೋಗಿ! ನಿಂತ್ಕೊಂಡು ಏನ್ ನೋಡ್ತೀರಾ!"

ಒಂದನೆಯವನಾದೆ. ರಾಜ್ಯ ತಂಡ ಸಿಕ್ಕಿತು. ಸಂಜೆ ಗುರುಬಸಪ್ಪ ಎಲ್ಲರಿಗೂ ಹೇಳುತ್ತ ತಿರುಗುತ್ತಿದ್ದ—"ಗೆದ್ದಿದ್ದು ಯಾರ ಗಾಲಿ? ನಂದು!" ನನ್ನ ಹತ್ತಿರವೂ ಬಂದ. "ಹೆಂಗಿತ್ತಣ್ಣ ನನ್ ಗಾಲಿ?"

ಚೆನ್ನಾಗಿತ್ತು ಅಂದೆ. ಅವನ ಮುಖದಲ್ಲಿ ಅವಮಾನ ಹುಡುಕಿದೆ. ಇರಲಿಲ್ಲ.

ಸೆಕ್ರೆಟರಿ ಆವತ್ತು ಹೇಳಿದ್ದು ಬಿಟ್ಟಿ ಚಾಕರಿಯೇ. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆದರೆ ಕೊಟ್ರಪ್ಪ ಕೇಳಿದ್ದು ಅದಲ್ಲ. ಹನ್ನೆರಡು ಮೈಲಿ ನನಗಾಗಿ ಗಾಳಿ ತಿಂದವನು ಕೈ ಎತ್ತಿ ಕೇಳಿದ. ಗಾಲಿ ಒಂದೇ, ಕೇಳಿದವರು ಇಬ್ಬರು. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ.

ಏಪ್ರಿಲ್ 2

ನ್ಯಾಷನಲ್ಸ್. ಹತ್ತೊಂಬತ್ತನೆಯ ಸ್ಥಾನ. ಬರೆಯುವುದಕ್ಕೇನಿಲ್ಲ. ಬೋರ್ಡಿನಲ್ಲಿ ಹೆಸರು ಬರೆಸಿದ್ದಾರೆ.

1982, ಸೆಪ್ಟೆಂಬರ್ 9

ಮೊಣಕಾಲು ಮುಗಿಯಿತು. ಡಾಕ್ಟರ್ ಸೈಕಲ್ ಬಿಡು ಅಂದರು, ಪ್ರೆಸ್ಸಿಗೆ ಮಾತ್ರ ತುಳಿ ಅಂದರು. ಕ್ಲಬ್ಬಿಗೆ ಹೋಗಿ ಸೈಕಲ್ ಒಪ್ಪಿಸಿದೆ. ಸ್ಪೋರ್ಟ್ಸ್ ಕೋಟಾದ ಕಾಗದ ಕೇಳಿದೆ, ಕೊನೆಯ ಸಲ.

"ನೀನು ಆ ಕಾಗದ ಹಿಡ್ಕೊಂಡು ಏನ್ಮಾಡ್ತೀಯಯ್ಯ, ಪ್ರೆಸ್ಸಲ್ಲಿ ಕಾಗದಕ್ಕೇನು ಕಮ್ಮಿ?"

ನಕ್ಕರು.

1986, ಅಕ್ಟೋಬರ್ 13, ಸೋಮವಾರ

ನಾಲ್ಕು ವರ್ಷದ ಮೇಲೆ ಈ ಪುಸ್ತಕ ತೆಗೆಯುತ್ತಿದ್ದೇನೆ. ಸಿಟ್ಟಿಗೆ.

ಕ್ಲಬ್ಬಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ನಮ್ಮ ಪ್ರೆಸ್ಸಿಗೇ ಬಂದಿದೆ. ಸೆಕ್ರೆಟರಿಗೆ ಸನ್ಮಾನವಂತೆ. ಅವನ ಪುಟ ನನ್ನ ಪಾಲಿಗೆ ಬಂತು. ಓದಿದೆ:

"1978ರಲ್ಲಿ ದಲಿತ ಸವಾರನನ್ನು ಜಾತಿ ಹಿಡಿದು ನಿಂದಿಸಿದ ಕೊಟ್ರಪ್ಪನೆಂಬಾತನನ್ನು ತಕ್ಷಣ ಹೊರಹಾಕಿ, ಆ ದಲಿತ ಸವಾರನನ್ನು ರಾಷ್ಟ್ರಮಟ್ಟಕ್ಕೆ ಬೆಳೆಸಿದ ಸಮಾನತೆಯ ಹರಿಕಾರ."

ಪಕ್ಕದಲ್ಲಿ ಆ ಫೋಟೋ. ನಗುತ್ತಿರುವ ನಾನು.

ಆ ಮಾತು ಸೆಕ್ರೆಟರಿಯ ಬಾಯಿಂದ ಬಂದದ್ದು. ಅವನ ಬಾಯಿಂದ ತೆಗೆದು ಕೊಟ್ರಪ್ಪನ ಬಾಯಲ್ಲಿಟ್ಟವನು ನಾನು. ಈ ಸೆಕ್ರೆಟರಿಯ ಬಾಯಿ ತೊಳೆದುಕೊಟ್ಟವನು ನಾನು. ಎಂಟು ವರ್ಷ ಸಭೆ ಸಭೆಯಲ್ಲಿ ನಿಂತು ಇವನ ಪರ ಭಾಷಣ ಮಾಡಿದ್ದೇನೆ, ಕೆಂಪು ಟವೆಲ್ ಹೊದ್ದು. ನಮ್ಮ ಹತ್ತಿರ ನಿಜವಿತ್ತು. ಮಡಕೆಯ ನಿಜ, ಬೊಗಸೆಯ ನಿಜ, ಸಾಕಾಗುವಷ್ಟಿತ್ತು. ದೊಡ್ಡವನ ಹೆಸರಿಗೆ ಹೆದರಿ ಚಿಕ್ಕವನ ಹೆಸರು ಹಾಕಿದೆವು. ಅದನ್ನು ಹೋರಾಟ ಅಂದೆವು.

ಆ ಪುಟ ಮುಟ್ಟಲಿಲ್ಲ. ಹಾಗೇ ಇಟ್ಟು ಬಂದಿದ್ದೇನೆ.

ಅಕ್ಟೋಬರ್ 18, ಶನಿವಾರ

ಬಿಟಿಎಂ ಲೇಔಟಿಗೆ ಗೃಹಪ್ರವೇಶದ ಪತ್ರಿಕೆ ಮುಟ್ಟಿಸಲು ಹೋಗಿದ್ದೆ. ಎಲ್ಲಿ ನೋಡಿದರೂ ಕೆಮ್ಮಣ್ಣು, ಅರ್ಧ ಎದ್ದ ಗೋಡೆ. ಮುಂದೆ ಒಬ್ಬ ಬ್ರೆಡ್ಡಿನ ತಗಡು ಪೆಟ್ಟಿಗೆ ಕಟ್ಟಿದ ಸೈಕಲ್ ತುಳಿಯುತ್ತಿದ್ದ. ಆ ಭಾರಕ್ಕೆ ಆ ವೇಗ ಬರಬಾರದು. ಸೊಂಟ ಅಲುಗುತ್ತಿಲ್ಲ, ಕಾಲು ಮಾತ್ರ ತಿರುಗುತ್ತಿವೆ. ಕನಕಪುರ ರಸ್ತೆಯಲ್ಲಿ ಸಾವಿರ ಮೈಲಿ ಆ ಬೆನ್ನು ನೋಡಿದವನು ನಾನು.

ಕೆರೆ ಏರಿಯವರೆಗೂ ಹಿಂದೆಯೇ ಹೋದೆ. ಮುಂದೆ ಹೋಗುವ ಧೈರ್ಯವಾಗಲಿಲ್ಲ. ಅವನೇ ಬೇಕರಿಯೊಂದರ ಮುಂದೆ ನಿಲ್ಲಿಸಿದ. ತಿರುಗದೆಯೇ ಹೇಳಿದ:

"ನಿನ್ನ ಚೈನ್ ಇನ್ನೂ ಹಂಗ ಕಿರಗುಟ್ಟತೈತಲ್ಲೋ. ಎಣ್ಣಿ ಬಿಡಬಾರದೇನು?"

ಕೂದಲು ಬೆಳ್ಳಗಾಗಿದೆ. ಊರಿನಲ್ಲಿ ಏನೂ ಆಗಲಿಲ್ಲವಂತೆ. ಆರು ವರ್ಷದ ಹಿಂದೆಯೇ ವಾಪಸ್ ಬಂದನಂತೆ. ತಾವರೆಕೆರೆಯಲ್ಲಿ ತಾಯಿ ಜೊತೆ ಒಂದು ಮನೆ. ಬೇರೆ ಎರಡು ಕಾರ್ಖಾನೆಗೆ ಅರ್ಜಿ ಹಾಕಿದ್ದನಂತೆ. ಎರಡು ಕಡೆಯೂ ಯಾರೋ ಆ ಕರಪತ್ರ ತೋರಿಸಿದರಂತೆ.

ತಪ್ಪಾಯಿತು ಅಂದೆ.

"ಗಾಲಿ ಕೊಡದ್ದಕ್ಕೇನು? ಬಿಡು. ಅದು ರೇಸು. ನಿನಗ ಸಿಟ್ಟಿತ್ತು."

"ಅಲ್ಲ. ಕರಪತ್ರಕ್ಕೆ."

ಬ್ರೆಡ್ ಇಳಿಸುವುದನ್ನು ನಿಲ್ಲಿಸಿದ.

"ನೋಡು ಪಿಳ್ಳಣ್ಣ." ಹಿಂದೆ ಯಾವತ್ತೂ ಹೀಗೆ ಪೂರ್ತಿ ಹೆಸರು ಹೇಳಿ ಕರೆದವನಲ್ಲ. "ನಮ್ಮವ್ವ ಬ್ಯಾರೆ ಲೋಟ ಇಟ್ಟಿದ್ದು ಖರೆ. ನಾ ಕ್ಯಾಲೆಂಡರ್ ನೋಡಿದ್ದು ಖರೆ. ಸೆಕ್ರೆಟರಿ ನಿನಗ ಹಂಗ ಅಂದಾಗ ನಾ ಬಾಯಿ ಮುಚ್ಚಿಕೊಂಡಿದ್ದೂ ಖರೆ. ಅದನ್ನ ಬರಿ. ಊರ ತುಂಬ ಹಂಚು. ತಲಿ ತಗ್ಗಿಸಿ ನಿಲ್ತೀನಿ. ನಾ ಆಡದ ಮಾತು ನನ್ನ ಬಾಯಾಗ ಯಾಕ ಇಟ್ಟಿ?"

ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವನ ಎದುರಿಗೆ ಬಂದು ನಿಂತೆ.

"ಈಗ ನನ್ನ ಕಿವ್ಯಾಗ ಬಂದು ತಪ್ಪಾತು ಅಂತೀ. ಕಾಗದದಾಗ ಹಾಕಿದ್ದಿ. ಗೇಟಿನ ಮುಂದ ಹಂಚಿದ್ದಿ. ಅಲ್ಲೇ ತೆಗಿ."

ಪೆಟ್ಟಿಗೆ ಮುಚ್ಚಿ ಹೊರಟ. ಏರು ಬಂದರೂ ಸೀಟಿನಿಂದ ಏಳಲಿಲ್ಲ.

ಅಕ್ಟೋಬರ್ 26, ಭಾನುವಾರ

ಕರಪತ್ರ ತಿದ್ದಿ ಮತ್ತೆ ಹಂಚಬೇಕೆಂದು ಸಂಘದಲ್ಲಿ ಹೇಳಿದೆ. ಸಂಜೀವಯ್ಯನವರು, ಇನ್ನೂ ಹತ್ತು ಹನ್ನೆರಡು ಜನ.

ಒಬ್ಬ ಕೂಗಿದ: "ಸೆಕ್ರೆಟರಿ ಎಷ್ಟು ಕೊಟ್ಟ ನಿಂಗೆ?"

"ಸೆಕ್ರೆಟರಿ ಹೆಸರು ಹಾಕೋಣ ಅಂತ ತಾನೇ ನಾನು ಹೇಳ್ತಿರೋದು!"

ಸಂಜೀವಯ್ಯನವರು ಕೈ ಎತ್ತಿ ಸುಮ್ಮನಾಗಿಸಿದರು. ವಯಸ್ಸಾಗಿದೆ, ಕಂಬದಿಂದ ಬಿದ್ದ ಮೇಲೆ ಎಡಗೈ ಸೆಟೆದುಕೊಂಡಿದೆ. "ಪಿಳ್ಳಣ್ಣ, ನೀನು ಹೇಳ್ತಿರೋದು ನಿಜ. ಆದ್ರೆ ಒಂದು ಯೋಚ್ನೆ ಮಾಡು. ನಾವೇ ಹಾಕಿದ ಕರಪತ್ರ ಸುಳ್ಳು ಅಂತ ನಾವೇ ಒಪ್ಕೊಂಡ್ರೆ, ನಾಳೆ ನಮ್ ಹೆಣ್ಮಗಳೊಬ್ಬಳು ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ರೆ ಏನಂತಾರೆ ಗೊತ್ತಾ? 'ನೀವು ಹಿಂಗೇ ಕಣ್ರಮ್ಮ, ಆ ಸೈಕಲ್ ಕೇಸಲ್ಲೂ ಸುಳ್ಳು ಹೇಳಿದ್ರಲ್ಲ' ಅಂತಾರೆ. ನಿನ್ ಒಬ್ಬನ ಮನಸ್ಸು ಹಗುರ ಆಗೋಕೆ ಎಷ್ಟು ಜನದ ನಿಜ ಅಡ ಇಡ್ತೀಯ?"

ಇದು ಸುಮ್ಮನೆ ಹೇಳಿದ ಮಾತಲ್ಲ. ನಾನೂ ಸ್ಟೇಷನ್ ನೋಡಿದ್ದೇನೆ. ರಾತ್ರಿಯಿಡೀ ಈ ಮಾತನ್ನೇ ತಿರುಗಿಸುತ್ತೇನೆಂದು ಗೊತ್ತಿತ್ತು. ಆದರೂ ಹೇಳಿದೆ:

"ಈಗ ಆ ಸುಳ್ಳನ್ನ ಯಾರು ಉಪಯೋಗಿಸ್ತಿದಾರೆ ಅಣ್ಣ? ಸನ್ಮಾನ ಯಾರಿಗೆ? ನಾವು ತೆಗೀದಿದ್ರೆ ಅದು ಅವನ ಆಸ್ತಿ. ನಮ್ಮ ಸುಳ್ಳು ಕಾಯ್ತಾ ಇರೋದು ಅವನನ್ನ."

"ಕೊಟ್ರಪ್ಪನಿಗೋಸ್ಕರ ಸಂಘ ಒಡೀತೀಯಾ?"

"ಒಡೆಯಲ್ಲ. ನನ್ ಹೆಸ್ರಲ್ಲಿ ಹಾಕ್ತೀನಿ."

ಮೂವರು ಎದ್ದು ಹೋದರು. ಒಬ್ಬ ಬಾಗಿಲಲ್ಲಿ ಉಗುಳಿ ಹೋದ. ಸಂಜೀವಯ್ಯನವರು ಉಳಿದರು. "ಸಭೆ ಕರೀತೀನಿ. ಒಪ್ಕೊಂಡಲ್ಲ. ಸಭೇಲಿ ನಿಂತು ಮಾತಾಡೋ ಹಕ್ಕಿಗೋಸ್ಕರಾನೇ ಸಂಘ ಕಟ್ಟಿದ್ದು. ಅದನ್ನ ನಿನಗೆ ಇಲ್ಲ ಅನ್ನಕಾಗಲ್ಲ. ಆದ್ರೆ ನಿನ್ನ ವಿರುದ್ಧ ಮೊದಲು ಮಾತಾಡೋನು ನಾನೇ."

ಸರಿ ಅಂದೆ.

ನವೆಂಬರ್ 3, ಸೋಮವಾರ

ಯಜಮಾನರು: "ಆ ಪುಟ ಯಾಕೋ ಇನ್ನೂ ಕೂರಿಸಿಲ್ಲ?"

"ಅದನ್ನ ನಾನು ಕೂರಿಸಲ್ಲ ಸಾರ್."

"ಹಾಗಾದ್ರೆ ನೀನೂ ಇಲ್ಲಿ ಕೂರ್ಬೇಡ."

ಹದಿನಾಲ್ಕು ವರ್ಷ. ಸೀಮೆಎಣ್ಣೆಯಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದೆ. ಬೆರಳಿನ ಮಸಿ ಹೋಗಿಲ್ಲ. ಅವ್ವನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಊಟ ಮಾಡು ಮೊದ್ಲು. ಆಮೇಲೆ ಬೈತೀನಿ."

ಬೈಯಲಿಲ್ಲ.

ನವೆಂಬರ್ 6, ಗುರುವಾರ

ಯಾವ ಪ್ರೆಸ್ಸೂ ಬೇಡ. ಗಿರಿನಗರದಲ್ಲಿ ಒಬ್ಬರ ಹತ್ತಿರ ಸೈಕ್ಲೋಸ್ಟೈಲ್ ಮೆಷಿನ್ನಿದೆ. ಸ್ಟೆನ್ಸಿಲ್ ಮೇಲೆ ನಾನೇ ಕೈಯಲ್ಲಿ ಬರೆದೆ. ಒಂದೇ ಪುಟ. ಸೆಕ್ರೆಟರಿಯ ಪೂರ್ತಿ ಹೆಸರು, ಇನಿಷಿಯಲ್ ಸಮೇತ, ಅವನು ಆಡಿದ ಮಾತಿನ ಪಕ್ಕದಲ್ಲಿ. ಕೊಟ್ರಪ್ಪನ ಮನೆಯ ಲೋಟ, ಅವನ ಮೌನ, ಅವನೇ ಬರಿ ಅಂದದ್ದಕ್ಕೆ. ಯಜಮಾನರ ಹೆದರಿಕೆ. ಆಮೇಲೆ ನನ್ನ ಹೆಸರು, ಮಾಡಿದ್ದು, ಅದರಿಂದ ಒಬ್ಬನ ಕೆಲಸ ಹೋದದ್ದು. ಸುತ್ತಿ ಬಳಸಿ ಬರೆಯಲಿಲ್ಲ. "ಪರಿಸ್ಥಿತಿ" ಎಂಬ ಪದ ಎರಡು ಕಡೆ ಬಂದಿತ್ತು. ಎರಡನ್ನೂ ಹೊಡೆದುಹಾಕಿದೆ.

ಮುನ್ನೂರು ಪ್ರತಿ. ಸೋಮವಾರ ಬೆಳಗಿನ ಶಿಫ್ಟಿಗೆ ಆ ಗೇಟಿನಲ್ಲಿ ನಾನೊಬ್ಬನೇ ಹಂಚುತ್ತೇನೆ. ಅದಕ್ಕೆ ಮುಂಚೆ ಸಭೆಯಲ್ಲಿ ಓದಬೇಕು. ನಮ್ಮವರು ನನ್ನ ಬಾಯಿಂದ ಕೇಳಬೇಕು, ಗೇಟಿನಿಂದಲ್ಲ.

ನವೆಂಬರ್ 8, ಶನಿವಾರ. ಸಂಜೆ 7

ತಾವರೆಕೆರೆಗೆ ಹೋಗಿ ಕೊಟ್ರಪ್ಪನಿಗೆ ಒಂದು ಪ್ರತಿ ಕೊಟ್ಟೆ. ಬಾಗಿಲಲ್ಲೇ ನಿಂತು ಪೂರ್ತಿ ಓದಿದ. ತಿರುಗಿಸಿ ಹಿಂದೆಯೂ ನೋಡಿದ, ಖಾಲಿ ಇತ್ತು.

"ನಾಳೆ ಬರ್ತೀಯಾ?" ಅಂದೆ.

"ನಿಮ್ಮ ಮಂದಿ ನನ್ನ ಹೊಡೀತಾರೇನು?"

"ನಿನಗಲ್ಲ. ಹೊಡೆದ್ರೆ ನನಗೆ."

"ಹಂಗಾದ್ರ ನೋಡಾಕಾದ್ರೂ ಬರಬೇಕು." ನಗಲಿಲ್ಲ. "ಬ್ರೆಡ್ ಹಾಕಿ ಮುಗಿಯೋದು ಒಂಬತ್ತೂವರಿ. ನಾ ಬರ್ತೀನಿ ಅಂತ ಹೇಳ್ಲಿಲ್ಲ. ನನಗಂತ ಕಾಯಬ್ಯಾಡ."

ಸಂಜೀವಯ್ಯನವರು ಕಾಲೋನಿಯ ಮನೆಮನೆಗೂ ತಾವೇ ಹೋಗಿ ಹೇಳಿದ್ದಾರೆ. ಜನ ಸೇರುತ್ತಾರೆ. ಗಾಲಿಯ ಕಥೆ ಅಂದರೆ ಸೇರದೇ ಇರುತ್ತಾರೆಯೇ.

ನಾಳೆ, ಭಾನುವಾರ, ನವೆಂಬರ್ 9. ಬೆಳಿಗ್ಗೆ ಹತ್ತು ಗಂಟೆ. ಸಾರಕ್ಕಿ ಕಾಲೋನಿ, ಸಂಘದ ಕೋಣೆಯ ಮುಂದಿನ ಬಯಲು. ಅವನು ಬರಲಿ, ಬಾರದಿರಲಿ, ಹತ್ತಕ್ಕೆ ಸರಿಯಾಗಿ ಎದ್ದು ನಿಂತು ನಾನು ಆ ಒಂದು ಪುಟ ಓದುತ್ತೇನೆ.